ಎಲ್ಲಿ ಕೂರಬೇಕು ಈ ಕ್ರಿಯಾವಿಶೇಷಣ?



ವ್ಯಾಕರಣ ಎಂಬ ಮಾತು ಕಂಡೊಡನೆ ಪುಟ ಮಗುಚಬೇಡಿ. ಈ ಸಲದ ವಿಷಯ ನಾನು ಆರಿಸಿದ್ದಲ್ಲ, ನಿಮ್ಮಲ್ಲೇ ಒಬ್ಬಳು ಕೊಟ್ಟದ್ದು. ಸಂಘದ ಯುಗಾದಿ ಊಟದ ದಿನ ನನ್ನ ಪಕ್ಕದ ಎಲೆಗೆ ಕುಳಿತಿದ್ದಳು. ಹೋಳಿಗೆ ಬರುವ ತನಕ ಸುಮ್ಮನಿದ್ದವಳು ತಟ್ಟನೆ ಕೇಳಿದಳು: "ಆಂಟಿ, ನಮ್ಮ ಆಫೀಸಿಗೆ ಹೊಸದಾಗಿ ಬಂದ ಹುಡುಗ ‘ಶಿ ಸ್ಪೀಕ್ಸ್ ಫ್ಲೂಯೆಂಟ್ಲಿ ಕನ್ನಡ’ ಅಂತ ಬರೆದಿದ್ದ. ತಪ್ಪು ಅಂದೆ. ಯಾಕೆ ತಪ್ಪು ಅಂತ ಕೇಳಿದ. ಕೇಳೋಕೆ ಸರಿ ಅನ್ಸಲ್ಲ ಅಂದೆ. ಅದೂ ಒಂದು ಉತ್ತರಾನಾ?"

ಉತ್ತರವೇ ಹೌದು, ಆದರೆ ಅದು ನಿಮಗೆ ಮಾತ್ರ ಸಾಕಾಗುವ ಉತ್ತರ. ನೀವೆಲ್ಲ ಎಲ್.ಕೆ.ಜಿ.ಯಿಂದ ಇಂಗ್ಲಿಷ್ ಕೇಳಿ ಬೆಳೆದವರು. ನಿಮಗೆ ಕಿವಿ ಇದೆ. ಕನ್ನಡ ಮಾಧ್ಯಮದಲ್ಲಿ ಓದಿ, ಧಾರವಾಡದಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ ಬಿ.ಎ. ಸೇರಿದ ನಮ್ಮಂಥವರಿಗೆ ಕಿವಿ ಇರಲಿಲ್ಲ, ನಿಯಮವಿತ್ತು. ನೀವು ಆಡುತ್ತಾ ಕಲಿತದ್ದನ್ನು ನಾವು ರೆನ್ ಮತ್ತು ಮಾರ್ಟಿನ್ ಪುಸ್ತಕದ ಅಭ್ಯಾಸಗಳಲ್ಲಿ ಒಂದೊಂದೇ ವಾಕ್ಯ ತಿದ್ದಿ ತಿದ್ದಿ ಕಲಿತೆವು. (‘ಬೋ ಜೆಸ್ಟ್’ ಎಂಬ 1924ರ ಸಾಹಸ ಕಾದಂಬರಿಯನ್ನು ಬರೆದವನೂ ಇದೇ ರೆನ್ ಎಂದು ತಿಳಿದಾಗ ನಮಗಾದ ಆಶ್ಚರ್ಯ ಅಷ್ಟಿಷ್ಟಲ್ಲ.) ಹಾಗಾಗಿ ‘ಯಾಕೆ’ ಎಂಬ ಪ್ರಶ್ನೆಗೆ ನಿಮಗಿಂತ ನನಗೇ ಉತ್ತರ ಸುಲಭ.

ಮೊದಲು ಕನ್ನಡದಲ್ಲಿ ಹೇಳಿ ನೋಡೋಣ. ಅವಳು ಕನ್ನಡವನ್ನು ಚೆನ್ನಾಗಿ ಮಾತಾಡುತ್ತಾಳೆ. ಅವಳು ಚೆನ್ನಾಗಿ ಕನ್ನಡ ಮಾತಾಡುತ್ತಾಳೆ. ಕನ್ನಡವನ್ನು ಅವಳು ಚೆನ್ನಾಗಿ ಮಾತಾಡುತ್ತಾಳೆ. ಚೆನ್ನಾಗಿ ಮಾತಾಡುತ್ತಾಳಪ್ಪ ಅವಳು ಕನ್ನಡಾನ! ಒತ್ತು ಬದಲಾಗುತ್ತದೆ, ಅರ್ಥ ಕೆಡುವುದಿಲ್ಲ. ಯಾಕೆ ಕೆಡುವುದಿಲ್ಲ? ‘ಅನ್ನು’ ಎಂಬ ಪ್ರತ್ಯಯ ಕರ್ಮಪದದ ಕೊರಳಿಗೆ ಕಟ್ಟಿದ ಗುರುತಿನ ಚೀಟಿಯಂತೆ. ಅದು ಸಾಲಿನಲ್ಲಿ ಎಲ್ಲೇ ನಿಂತಿರಲಿ, ‘ನಾನು ಕರ್ಮ’ ಎಂದು ತಾನೇ ಹೇಳಿಕೊಳ್ಳುತ್ತದೆ. ‘ಆಗಿ’ ಎಂಬುದು ಕ್ರಿಯಾವಿಶೇಷಣದ ಚೀಟಿ. ಚೆನ್ನಾಗಿ, ಜೋರಾಗಿ, ನಿಧಾನವಾಗಿ. ಚೀಟಿ ಇದ್ದವರು ಎಲ್ಲಿ ನಿಂತರೇನು?

ಇಂಗ್ಲಿಷಿನಲ್ಲಿ ಕರ್ಮಪದಕ್ಕೆ ಚೀಟಿ ಇಲ್ಲ. ಹಿಂದೆ ಇತ್ತು. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ರಾಜ ಕರ್ತೃವಾದರೆ ‘ಸೆ ಕ್ಯುನಿಂಗ್’, ಕರ್ಮವಾದರೆ ‘ಥೊನೆ ಕ್ಯುನಿಂಗ್’. ಕಾಲಕ್ರಮದಲ್ಲಿ ಇವೆಲ್ಲ ಸವೆದು ಎರಡಕ್ಕೂ ‘ದ ಕಿಂಗ್’ ಒಂದೇ ಉಳಿಯಿತು. ಹಳೆಯ ಚೀಟಿಯ ಚೂರು ಉಳಿದದ್ದು ‘ಹಿ’ ಮತ್ತು ‘ಹಿಮ್’, ‘ದೆ’ ಮತ್ತು ‘ದೆಮ್’ ಇಂಥ ನಾಲ್ಕಾರು ಸರ್ವನಾಮಗಳಲ್ಲಿ ಮಾತ್ರ. ಚೀಟಿ ಹೋದ ಮೇಲೆ ಕೆಲಸವೆಲ್ಲ ಜಾಗದ ಮೇಲೆ ಬಿತ್ತು. ಕ್ರಿಯಾಪದದ ಮುಂದೆ ನಿಂತವನು ಕರ್ತೃ, ಕ್ರಿಯಾಪದಕ್ಕೆ ಅಂಟಿಕೊಂಡು ಹಿಂದೆ ನಿಂತದ್ದು ಕರ್ಮ. ನಾಯಿ ಮನುಷ್ಯನನ್ನು ಕಚ್ಚಿತೋ ಮನುಷ್ಯ ನಾಯಿಯನ್ನು ಕಚ್ಚಿದನೋ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳುವುದು ಬರೀ ಜಾಗ.

ಹಾಗೆಂದು ಇದಿಷ್ಟೇ ಕಾರಣ ಎಂದುಕೊಳ್ಳಬೇಡಿ. ನಿಮ್ಮಲ್ಲಿ ಫ್ರೆಂಚ್ ಕಲಿಯುತ್ತಿರುವವರು ಆಗಲೇ ಕೈ ಎತ್ತಿರುತ್ತೀರಿ. ಫ್ರೆಂಚಿನಲ್ಲೂ ನಾಮಪದಕ್ಕೆ ವಿಭಕ್ತಿ ಇಲ್ಲ, ಆದರೂ ಅಲ್ಲಿ ‘ಮಾತಾಡುತ್ತಾಳೆ ಚೆನ್ನಾಗಿ ಫ್ರೆಂಚ್’ ಎಂಬ ಕ್ರಮವೇ ಸರಿ. ಅಲ್ಲಿ ಕ್ರಿಯಾಪದ ತನ್ನ ಜಾಗ ಬಿಟ್ಟು ವಿಶೇಷಣವನ್ನು ದಾಟಿ ಮುಂದೆ ಹೋಗುತ್ತದೆ. ಇಂಗ್ಲಿಷ್ ಕ್ರಿಯಾಪದ ಕೂತಲ್ಲಿಂದ ಏಳುವುದಿಲ್ಲ. ಜಾನ್-ಈವ್ ಪೊಲಾಕ್ ಎಂಬ ಭಾಷಾವಿಜ್ಞಾನಿ 1989ರಲ್ಲಿ ಇದನ್ನೇ ವಿವರಿಸಿ ಬರೆದ ಲೇಖನ ಆ ಶಾಸ್ತ್ರದಲ್ಲಿ ಪ್ರಸಿದ್ಧ. ಷೇಕ್ಸ್‌ಪಿಯರನ ಕಾಲದ ಇಂಗ್ಲಿಷಿನಲ್ಲಿ ಕ್ರಿಯಾಪದಗಳು ಇನ್ನೂ ಎದ್ದು ಓಡಾಡುತ್ತಿದ್ದವು. ‘ಐ ನೋ ನಾಟ್’ ಎನ್ನುತ್ತಿದ್ದರು, ‘ಐ ಡೋಂಟ್ ನೋ’ ಎಂದು ಈಗ ನಾವನ್ನುವ ಕಡೆ. ಇವತ್ತಿಗೂ ಆ ಸ್ವಾತಂತ್ರ್ಯ ಉಳಿಸಿಕೊಂಡದ್ದು ‘ಈಸ್’, ‘ಹ್ಯಾಸ್’, ‘ವಿಲ್’ ಮುಂತಾದ ಕೆಲವೇ ಕೆಲವು. ಅದಕ್ಕೇ ನೋಡಿ, ‘ಶಿ ಆಲ್ವೇಸ್ ಕಮ್ಸ್ ಲೇಟ್’ ಎಂದರೆ ಸರಿ, ಆದರೆ ‘ಶಿ ಈಸ್ ಆಲ್ವೇಸ್ ಲೇಟ್’. ಒಂದರಲ್ಲಿ ‘ಆಲ್ವೇಸ್’ ಕ್ರಿಯಾಪದದ ಮುಂದೆ, ಇನ್ನೊಂದರಲ್ಲಿ ಹಿಂದೆ. ನೀವು ದಿನಾ ಹೇಳುವ ಮಾತೇ, ಗಮನಿಸಿರಲಿಲ್ಲ ಅಲ್ಲವೆ?

ಈಗ ನಿಯಮ ಹೇಳಿಬಿಡುತ್ತೇನೆ. ಲೋಕಲ್ ಟ್ರೇನಿನ ಮೂರು ಸೀಟಿನ ಬೆಂಚು ನಿಮಗೆ ಗೊತ್ತೇ ಇದೆ. ಗಂಡ ಹೆಂಡತಿ ಒತ್ತಾಗಿ ಕುಳಿತಿದ್ದಾರೆ. ಮೂರನೆಯವರು ಬಂದರೆ ಈ ಕಡೆ ಕೂರಬಹುದು, ಆ ಕಡೆ ಕೂರಬಹುದು, ಬೆಂಚು ತುಂಬಿದ್ದರೆ ‘ಥೋಡಾ ಸರಕೋ’ ಎಂದು ತುದಿಯ ನಾಲ್ಕನೆಯ ಸೀಟಿನಲ್ಲಿ ಅರ್ಧ ಕೂರಬಹುದು. ಇಬ್ಬರ ನಡುವೆ ತೂರಿಕೊಳ್ಳುವಂತಿಲ್ಲ. ಇಂಗ್ಲಿಷಿನ ಕ್ರಿಯಾಪದ ಮತ್ತು ಅದರ ಕರ್ಮ ಆ ಗಂಡ ಹೆಂಡತಿ. ‘ಸ್ಪೀಕ್ಸ್ ಕನ್ನಡ’ ಎಂಬುದು ಜೋಡಿ. ‘ಫ್ಲೂಯೆಂಟ್ಲಿ’ ಜೋಡಿಯ ಆಚೆ ಕೂರಲಿ, ‘ಶಿ ಸ್ಪೀಕ್ಸ್ ಕನ್ನಡ ಫ್ಲೂಯೆಂಟ್ಲಿ.’ ಬೇಕಾದರೆ ಈಚೆ ಕೂರಲಿ, ‘ಶಿ ಫ್ಲೂಯೆಂಟ್ಲಿ ಸ್ಪೀಕ್ಸ್ ಕನ್ನಡ’, ಸ್ವಲ್ಪ ಬಿಗಿಯಾಗಿ ಕೇಳಿಸಿದರೂ ತಪ್ಪಲ್ಲ. ನಡುವೆ ಬೇಡ. ‘ಐ ಲೈಕ್ ವೆರಿ ಮಚ್ ದೋಸೆ’ ಎಂದು ನಮ್ಮವರು ಹೇಳಿದಾಗ ನೀವು ಮುಖ ಮುಖ ನೋಡಿಕೊಂಡು ನಗುವುದು ಈ ಕಾರಣಕ್ಕೇ.

ಬೆಂಚಿನ ಈ ಜಗಳ ಒಮ್ಮೆ ಇಡೀ ಜಗತ್ತಿನ ಎದುರೇ ನಡೆಯಿತು. 2009ರ ಜನವರಿ 20ರಂದು ಬರಾಕ್ ಒಬಾಮಾ ಅಮೆರಿಕದ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದರು. ಬೋಧಿಸಿದವರು ಅಲ್ಲಿನ ಮುಖ್ಯ ನ್ಯಾಯಾಧೀಶ ಜಾನ್ ರಾಬರ್ಟ್ಸ್. ಆ ಪ್ರಮಾಣವಚನ ಇರುವುದು 35 ಪದ. ಸಂವಿಧಾನದಲ್ಲೇ ಬರೆದಿಟ್ಟದ್ದು, ಒಂದಕ್ಷರ ಬದಲಾಗುವಂತಿಲ್ಲ. ‘ಅಧ್ಯಕ್ಷ ಪದವಿಯ ಕರ್ತವ್ಯವನ್ನು ನಿಷ್ಠೆಯಿಂದ ನಿರ್ವಹಿಸುತ್ತೇನೆ’ ಎಂಬ ಕಡೆ ಅಲ್ಲಿರುವ ಕ್ರಮ ‘ವಿಲ್ ಫೇತ್‌ಫುಲಿ ಎಕ್ಸಿಕ್ಯೂಟ್ ದಿ ಆಫೀಸ್’. ರಾಬರ್ಟ್ಸ್ ಕೈಯಲ್ಲಿ ಕಾಗದವಿಲ್ಲದೆ ನೆನಪಿನಿಂದ ಹೇಳಿಸುತ್ತಿದ್ದರು. ‘ಫೇತ್‌ಫುಲಿ’ ಬಾಯಿಗೆ ಬರಲಿಲ್ಲ, ವಾಕ್ಯದ ಕೊನೆಗೆ ಹೋಗಿ ಬಿತ್ತು. ಒಬಾಮಾ ‘ಎಕ್ಸಿಕ್ಯೂಟ್’ ವರೆಗೆ ಹೇಳಿ, ಏನೋ ತಪ್ಪಿದೆ ಎಂದು ತಡೆದು ನಿಂತರು. ರಾಬರ್ಟ್ಸ್ ಸರಿಪಡಿಸಲು ಹೋಗಿ ಅದನ್ನು ‘ಎಕ್ಸಿಕ್ಯೂಟ್’ ಆದ ಮೇಲೆ, ‘ಆಫೀಸ್’ಗೆ ಮೊದಲು ತಂದರು. ಕೊನೆಗೆ ಒಬಾಮಾ ರಾಬರ್ಟ್ಸ್ ಮೊದಲು ಹೇಳಿದಂತೆಯೇ ಅದನ್ನು ಕೊನೆಯಲ್ಲಿ ಹೇಳಿ ಮುಗಿಸಿದರು. ಒಂದು ಕ್ರಿಯಾವಿಶೇಷಣ, ಅರ್ಧ ನಿಮಿಷವೂ ಆಗಿಲ್ಲ, ಎಲ್ಲ ಸೀಟುಗಳಲ್ಲೂ ಕುಳಿತು ಎದ್ದಿತು. ತನ್ನ ಸ್ವಂತ ಸೀಟು ಒಂದನ್ನು ಬಿಟ್ಟು!

ಮರುದಿನ, ಜನವರಿ 21ರ ಸಂಜೆ, ಶ್ವೇತಭವನದ ಒಂದು ಕೋಣೆಯಲ್ಲಿ ಇದೇ ಇಬ್ಬರು ಎದುರುಬದುರು ನಿಂತು ಪ್ರಮಾಣವಚನವನ್ನು ಮತ್ತೆ ಮಾಡಿದರು. ಹಿಂದಿನ ದಿನ ಮಧ್ಯಾಹ್ನವೇ ಅಧಿಕಾರ ಅವರಿಗೆ ಬಂದಿತ್ತು, ಅದರಲ್ಲಿ ಅನುಮಾನವಿರಲಿಲ್ಲ. ಆದರೂ ನಾಳೆ ಯಾರೂ ತಕರಾರು ತೆಗೆಯಬಾರದೆಂಬ ಎಚ್ಚರಿಕೆ. ಹಾರ್ವರ್ಡಿನ ಭಾಷಾಪಂಡಿತ ಸ್ಟೀವನ್ ಪಿಂಕರ್ ಆ ವಾರವೇ ಪತ್ರಿಕೆಯಲ್ಲಿ ಒಂದು ತಮಾಷೆಯ ಊಹೆ ಮಾಡಿದರು. ‘ವಿಲ್’ ಮತ್ತು ‘ಎಕ್ಸಿಕ್ಯೂಟ್’ ನಡುವೆ ಏನನ್ನೂ ತೂರಿಸಬಾರದೆಂಬ ಹಳೆಯ ಮೇಷ್ಟರುಗಳ ಮೂಢನಂಬಿಕೆ ನ್ಯಾಯಾಧೀಶರ ತಲೆಯಲ್ಲಿ ಕೂತಿದ್ದು, ಅವರಿಗರಿವಿಲ್ಲದೆ ಸಂವಿಧಾನವನ್ನೇ ತಿದ್ದಿಸಿತು ಎಂದು. ಇರಬಹುದು. ಇಂಥ ಮಡಿ ನಮಗೂ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ಸಹಾಯಕ ಕ್ರಿಯಾಪದದ ನಂತರ, ಮುಖ್ಯ ಕ್ರಿಯಾಪದದ ಮೊದಲು ಇರುವ ಜಾಗ ಇಂಗ್ಲಿಷ್ ಕ್ರಿಯಾವಿಶೇಷಣಕ್ಕೆ ತವರುಮನೆ ಇದ್ದಂತೆ. ಅಲ್ಲಿಂದ ಅದನ್ನು ಎಬ್ಬಿಸುವ ಅಗತ್ಯವೇ ಇಲ್ಲ.

ಈ ಪ್ರಸಂಗದಲ್ಲಿ ಇನ್ನೊಂದು ಸೂಕ್ಷ್ಮವಿದೆ. ‘ಎಕ್ಸಿಕ್ಯೂಟ್’ ಆದ ಮೇಲೆ ‘ಫೇತ್‌ಫುಲಿ’ ಬಂದದ್ದು ‘ಸ್ಪೀಕ್ಸ್ ಫ್ಲೂಯೆಂಟ್ಲಿ ಕನ್ನಡ’ದಷ್ಟು ಕಿವಿಗೆ ಚುಚ್ಚುವುದಿಲ್ಲ. ಯಾಕೆಂದರೆ ಅಲ್ಲಿ ಕರ್ಮ ಒಂದು ಪದವಲ್ಲ, ಉದ್ದನೆಯ ಮೆರವಣಿಗೆ: ‘ದಿ ಆಫೀಸ್ ಆಫ್ ಪ್ರೆಸಿಡೆಂಟ್ ಆಫ್ ದ ಯುನೈಟೆಡ್ ಸ್ಟೇಟ್ಸ್’. ನಾಮಪದಗಳ ಗುಂಪು ಭಾರವಾದಷ್ಟೂ ನಿಯಮ ಸಡಿಲವಾಗುತ್ತದೆ. ‘ಹಿ ರೆಡ್ ಸ್ಲೋಲಿ ದ ಲೆಟರ್’ ತಪ್ಪು. ‘ಹಿ ರೆಡ್ ಸ್ಲೋಲಿ ದ ಲಾಂಗ್ ಲೆಟರ್ ದಟ್ ಹಿಸ್ ಮದರ್ ಹ್ಯಾಡ್ ರಿಟನ್ ಫ್ರಮ್ ಧಾರವಾಡ’ ಎಂದರೆ ಯಾರೂ ಹುಬ್ಬು ಗಂಟಿಕ್ಕುವುದಿಲ್ಲ. ದಪ್ಪ ಗಂಟುಮೂಟೆ ಹೊತ್ತು ಬಂದವರನ್ನು ಬಾಗಿಲ ಹತ್ತಿರವೇ ಇರಿ ಎನ್ನುತ್ತಾರಲ್ಲ, ಹಾಗೆ ಭಾರದ ನಾಮಪದ ಕೊನೆಗೆ ಹೋಗುತ್ತದೆ. ಅಷ್ಟುದ್ದ ವಾಕ್ಯ ಮುಗಿದ ಮೇಲೆ ‘ಸ್ಲೋಲಿ’ ಎಂದರೆ, ಓದಿದ್ದು ನಿಧಾನವಾಗಿಯೋ ಬರೆದದ್ದು ನಿಧಾನವಾಗಿಯೋ ಎಂದು ಓದುವವರು ತಡವರಿಸಬೇಕಾಗುತ್ತದೆ.

ಸೀಟು ಬದಲಾದರೆ ಅರ್ಥವೂ ಬದಲಾಗುವುದುಂಟು. ಸಂದರ್ಶನಕ್ಕೆ ಹೋಗುವವರು ಇದನ್ನು ಗಮನಿಸಬೇಕು. ‘ಶಿ ಆನ್ಸರ್ಡ್ ದ ಕ್ವೆಶ್ಚನ್ ಫೂಲಿಷ್ಲಿ’ ಎಂದರೆ ಅವಳ ಉತ್ತರ ಪೆದ್ದುಪೆದ್ದಾಗಿತ್ತು. ‘ಶಿ ಫೂಲಿಷ್ಲಿ ಆನ್ಸರ್ಡ್ ದ ಕ್ವೆಶ್ಚನ್’ ಎಂದರೆ ಉತ್ತರ ಬೃಹಸ್ಪತಿಯದೇ ಆಗಿರಬಹುದು, ಬಾಯಿ ಬಿಟ್ಟದ್ದೇ ಪೆದ್ದುತನ. ಕನ್ನಡದಲ್ಲಿ ಈ ಎರಡನ್ನು ಒಂದೇ ಪದ ಸರಿಸಿ ಹೇಳಲು ಬರುವುದಿಲ್ಲ. ‘ಪೆದ್ದುಪೆದ್ದಾಗಿ ಉತ್ತರ ಕೊಟ್ಟಳು’, ‘ಉತ್ತರ ಕೊಟ್ಟದ್ದೇ ಪೆದ್ದುತನ’ ಎಂದು ವಾಕ್ಯವನ್ನೇ ಬೇರೆ ಕಟ್ಟಬೇಕು. ಇಂಗ್ಲಿಷಿನ ಈ ಜಾಣತನವನ್ನು ನಾನು ಮೆಚ್ಚುತ್ತೇನೆ.

ಕೆಲವು ಕ್ರಿಯಾಪದಗಳಂತೂ ವಿಶೇಷಣವಿಲ್ಲದೆ ಹೊಸಿಲು ದಾಟುವುದಿಲ್ಲ. ‘ಅವಳು ಅತ್ತೆಯನ್ನು ಚೆನ್ನಾಗಿ ನೋಡಿಕೊಳ್ಳುತ್ತಾಳೆ’ ಎನ್ನಲು ‘ಶಿ ಟ್ರೀಟ್ಸ್ ಹರ್ ಮದರ್-ಇನ್-ಲಾ ವೆಲ್’. ಆ ‘ವೆಲ್’ ಕಿತ್ತು ನೋಡಿ, ಸೊಸೆ ಡಾಕ್ಟರಾಗಿಬಿಡುತ್ತಾಳೆ! ‘ಪುಟ್’ ಕೂಡ ಹಾಗೆಯೇ. ‘ಪುಸ್ತಕ ಇಟ್ಟೆ’ ಎಂದರೆ ನಮಗೆ ಮುಗಿಯಿತು. ‘ಐ ಪುಟ್ ದ ಬುಕ್’ ಎಂದರೆ ಇಂಗ್ಲಿಷರು ಎಲ್ಲಿ ಎಂದು ಬಾಯಿ ನೋಡುತ್ತಾ ಕೂರುತ್ತಾರೆ.

ನಿಮ್ಮಲ್ಲಿ ಚುರುಕಾದವರು ಇಷ್ಟರಲ್ಲಿ ನನ್ನ ನಿಯಮಕ್ಕೆ ಅಡ್ಡಗಾಲು ಹಾಕಿರುತ್ತೀರಿ. ‘ಸ್ವಿಚ್ ಆಫ್ ದ ಫ್ಯಾನ್’ ಎನ್ನುತ್ತೇವಲ್ಲ, ‘ಆಫ್’ ನಡುವೆಯೇ ಕೂತಿದೆಯಲ್ಲ ಎಂದು. ಕೂತಿದೆ, ಆದರೆ ಅದು ಹೊರಗಿನವರಲ್ಲ, ಕ್ರಿಯಾಪದದ ಮನೆಯವರೇ. ನಮ್ಮ ‘ಎತ್ತಿ ಹಾಕು’, ‘ಬಿಟ್ಟು ಬಿಡು’ ಇದ್ದಂತೆ ‘ಸ್ವಿಚ್ ಆಫ್’ ಎರಡು ಸೇರಿ ಒಂದೇ ಕೆಲಸ. ‘ಹಿ ರ್‍ಯಾನ್ ಅಪ್ ಎ ಹಿಲ್’, ‘ಹಿ ರ್‍ಯಾನ್ ಅಪ್ ಎ ಬಿಲ್’ ಎಂಬ ಎರಡು ವಾಕ್ಯ ನಮ್ಮ ಪ್ರೊಫೆಸರರ ಪ್ರೀತಿಯ ಉದಾಹರಣೆ. ಒಬ್ಬ ಗುಡ್ಡ ಹತ್ತಿ ಓಡಿದ, ಇನ್ನೊಬ್ಬ ಅಂಗಡಿಯಲ್ಲಿ ಸಾಲ ಬೆಳೆಸಿದ. ಮೊದಲನೆಯದರಲ್ಲಿ ‘ಅಪ್’ ಗುಡ್ಡದ ಕಡೆಯದು, ಎರಡನೆಯದರಲ್ಲಿ ಓಟದ ಕಡೆಯದು. ಪರೀಕ್ಷೆ ಬೇಕೆ? ನಡುವೆ ‘ಕ್ವಿಕ್ಲಿ’ ಹಾಕಿ. ‘ಹಿ ರ್‍ಯಾನ್ ಕ್ವಿಕ್ಲಿ ಅಪ್ ಎ ಹಿಲ್’ ನಡೆಯುತ್ತದೆ. ‘ಹಿ ರ್‍ಯಾನ್ ಕ್ವಿಕ್ಲಿ ಅಪ್ ಎ ಬಿಲ್’ ನಡೆಯುವುದಿಲ್ಲ. ಇನ್ನೊಂದು ವಿಚಿತ್ರ, ಫ್ಯಾನಿನ ಜಾಗಕ್ಕೆ ‘ಇಟ್’ ಬಂದರೆ ‘ಸ್ವಿಚ್ ಇಟ್ ಆಫ್’ ಎಂದೇ ಆಗಬೇಕು. ಹಗುರದ ಸರ್ವನಾಮ ಕ್ರಿಯಾಪದದ ಮಗ್ಗುಲು ಬಿಡದು, ಚಿಕ್ಕ ಮಗು ತಾಯಿಯ ಸೆರಗು ಬಿಡದ ಹಾಗೆ.

ಇಷ್ಟು ಹೊತ್ತು ಹೇಳಿದ್ದೆಲ್ಲ ಹೆಚ್ಚೆಂದರೆ ನಗುವಿಗೋ ಮಾರ್ಕಿಗೋ ಸಂಬಂಧಿಸಿದ್ದು. ‘ಓನ್ಲಿ’ಯ ಮಾತು ಹಾಗಲ್ಲ.

ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದಾರೆ. ಹೊಸ ಬಿಳಿ ಗುಳಿಗೆಯೊಂದನ್ನು ಬರೆದುಕೊಟ್ಟ ಡಾಕ್ಟರು ಚೀಟಿಯಲ್ಲಿ ‘ಗಿವ್ ದ ವೈಟ್ ಟ್ಯಾಬ್ಲೆಟ್ ಓನ್ಲಿ ಅಟ್ ನೈಟ್’ ಎಂದು ಬರೆದಿದ್ದರು. ಬಿಳಿ ಗುಳಿಗೆಯನ್ನು ಹಗಲು ಕೊಡಬೇಡಿ, ರಾತ್ರಿ ಮಾತ್ರ ಕೊಡಿ ಎಂಬುದು ಅವರ ಅರ್ಥ. ಮೊಮ್ಮಗ ಕಾಲೇಜಿಗೆ ಹೊರಟವನು ಅದನ್ನು ಗಟ್ಟಿಯಾಗಿ ಓದಿ ಹೋದ. ಮನೆಯಲ್ಲಿದ್ದ ಸೋದರತ್ತೆಗೆ ಇಂಗ್ಲಿಷ್ ಬಾರದೆ ಇಲ್ಲ. ಅವರ ಕಿವಿಗೆ ‘ವೈಟ್ ಟ್ಯಾಬ್ಲೆಟ್ ಓನ್ಲಿ’ ಒಂದು ತುಂಡಾಗಿ ಬಿತ್ತು, ರಾತ್ರಿ ಬಿಳಿ ಗುಳಿಗೆ ಮಾತ್ರ. ಅಂದಿನಿಂದ ರಾತ್ರಿಯ ಬಿ.ಪಿ. ಗುಳಿಗೆ ನಿಂತುಹೋಯಿತು. ಎಂಟನೆಯ ದಿನ ಅಜ್ಜಿ ಬಚ್ಚಲಮನೆಗೆ ಹೋಗುವಾಗ ತಲೆ ತಿರುಗಿ ಗೋಡೆ ಹಿಡಿದು ಕುಳಿತರು. ಬಿ.ಪಿ. ನೋಡಿಸಿದರೆ ಏರಿತ್ತು. ಡಾಕ್ಟರಿಗೆ ಫೋನು ಹೋದಾಗಲೇ ವಿಷಯ ಹೊರಬಂದದ್ದು. ಈಗ ಚೆನ್ನಾಗಿದ್ದಾರೆ, ದಿನಾ ಸಂಜೆ ಕೆಳಗೆ ಬೆಂಚಿಗೆ ಬಂದು ಕೂರುತ್ತಾರೆ.

ಡಾಕ್ಟರ ವಾಕ್ಯದಲ್ಲಿ ತಪ್ಪಿರಲಿಲ್ಲ. ಸೋದರತ್ತೆ ದಡ್ಡರೂ ಅಲ್ಲ. ಅವರು ಇಂಗ್ಲಿಷ್ ಪದಗಳನ್ನು ಕನ್ನಡದ ನಿಯಮದಿಂದ ಕೇಳಿಸಿಕೊಂಡರು, ಅಷ್ಟೆ. ಬರಹದ ಇಂಗ್ಲಿಷಿನಲ್ಲಿ ‘ಓನ್ಲಿ’ ಸಾಮಾನ್ಯವಾಗಿ ತನ್ನ ಮುಂದೆ ಬರುವ ಪದವನ್ನು ಹಿಡಿಯುತ್ತದೆ. ನಮ್ಮ ‘ಮಾತ್ರ’ ಹಾಗೂ ‘ಏ’ ತಮ್ಮ ಹಿಂದಿನ ಪದವನ್ನು ಹಿಡಿಯುತ್ತವೆ. ರಾತ್ರಿ ಮಾತ್ರ. ಬಿಳಿ ಗುಳಿಗೆ ಮಾತ್ರ. ಮುಂಬಯಿಯಲ್ಲೇ. ಹಿಂದಿಯಲ್ಲೂ ಅದೇ, ‘ಮುಂಬಯಿ ಮೇ ಹೀ’. ಮರಾಠಿಯಲ್ಲೂ ಅದೇ, ‘ಮುಂಬಈತಚ್’. ನಿಮ್ಮಪ್ಪ ಫೋನಿನಲ್ಲಿ ‘ವಿ ಆರ್ ಇನ್ ಡೊಂಬಿವಲಿ ಓನ್ಲಿ’ ಎಂದಾಗ ನೀವು ತುಟಿ ಕಚ್ಚಿ ನಗು ತಡೆಯುತ್ತೀರಲ್ಲ, ಅಲ್ಲಿ ಆ ‘ಓನ್ಲಿ’ ಇಂಗ್ಲಿಷ್ ವೇಷ ಹಾಕಿದ ನಮ್ಮ ‘ಏ’. ಡೊಂಬಿವಲಿಯಲ್ಲೇ ಇದ್ದೇವೆ! ಅವರದು ಬೇಕಾಬಿಟ್ಟಿ ಇಂಗ್ಲಿಷಲ್ಲ, ಬಲು ಶಿಸ್ತಿನ ಕನ್ನಡ. ನಗಬೇಡಿ ಎಂದು ನಾನು ಹೇಳುವುದಿಲ್ಲ, ಮನೆಯಲ್ಲಿ ನಗು ಇರಬೇಕು. ಆದರೆ ಚೀಟಿ ಓದಿ ಹೇಳುವಾಗ ಆ ‘ಏ’ ನಿಮ್ಮ ತಲೆಯಲ್ಲಿರಲಿ. ಬ್ಯಾಂಕಿನ ಕಾಗದ, ಸೊಸೈಟಿಯ ನೋಟೀಸು, ಆಸ್ಪತ್ರೆಯ ಚೀಟಿ ಎಲ್ಲಕ್ಕೂ ಮನೆಯಲ್ಲಿ ದುಭಾಷಿಗಳು ನೀವೇ. ಇಂಗ್ಲಿಷಿನಲ್ಲಿ ಓದಿ ಕೈ ತೊಳೆದುಕೊಳ್ಳಬೇಡಿ. ‘ಓನ್ಲಿ’ ಯಾವ ಪದದ ಕೈ ಹಿಡಿದಿದೆ ಎಂದು ನೋಡಿ, ಕನ್ನಡದಲ್ಲಿ ಆ ಪದದ ಹಿಂದೆಯೇ ‘ಮಾತ್ರ’ವನ್ನು ಅಂಟಿಸಿ ಹೇಳಿ.

ಇಂಗ್ಲಿಷರೂ ಮಾತಿನಲ್ಲಿ ಈ ಶಿಸ್ತನ್ನು ಪಾಲಿಸುವುದಿಲ್ಲವೆಂಬುದು ನಿಜ. ‘ಐ ಓನ್ಲಿ ಏಟ್ ಟೂ ಇಡ್ಲೀಸ್’ ಎಂದು ಕ್ರಿಯಾಪದದ ಮೊದಲೇ ಒಗೆದು, ‘ಟೂ’ ಮೇಲೆ ದನಿ ಏರಿಸುತ್ತಾರೆ. ಇಂಥದ್ದನ್ನೂ ತಿದ್ದಹೊರಟ ಪಂಡಿತರನ್ನು ಫೌಲರ್ ಎಂಬ ನಿಘಂಟುಕಾರ 1926ರಷ್ಟು ಹಿಂದೆಯೇ ಗದರಿಸಿದ್ದ. ಗೊಂದಲವಿಲ್ಲದ ಕಡೆ ಸುಮ್ಮನಿರಿ ಎಂಬುದು ಅವನ ನಿಲುವು, ನನ್ನದೂ ಅದೇ. ಆದರೆ ಕಾಗದಕ್ಕೆ ದನಿ ಇಲ್ಲ. ಗುಳಿಗೆಯ ಚೀಟಿಯಲ್ಲಿ ಜಾಗವೇ ದನಿ.

ಈ ಸಲದ ಅಭ್ಯಾಸ. ‘ಅಜ್ಜಿ ಗೇವ್ ಮೀ ಟೂ ಲಡ್ಡೂಸ್ ಯೆಸ್ಟರ್‌ಡೇ’ ಎಂಬ ವಾಕ್ಯ ತೆಗೆದುಕೊಳ್ಳಿ. ‘ಓನ್ಲಿ’ಯನ್ನು ಮೊದಲು ‘ಅಜ್ಜಿ’ಯ ಮುಂದೆ, ಆಮೇಲೆ ಒಂದೊಂದೇ ಪದ ಸರಿಸುತ್ತಾ ಕೊನೆಯವರೆಗೂ ಇಟ್ಟು ನೋಡಿ. ಪ್ರತಿ ಸಲ ಬರುವ ಅರ್ಥವನ್ನು ‘ಮಾತ್ರ’ ಅಥವಾ ‘ಏ’ ಬಳಸಿ ಕನ್ನಡದಲ್ಲಿ ಬರೆದು ಕಳಿಸಿ. ಕನ್ನಡ ಅಕ್ಷರ ಬಾರದವರು ಅಮ್ಮನ ಹತ್ತಿರ ಬರೆಸಿದರೂ ಆದೀತು, ವಾಟ್ಸಾಪಿನಲ್ಲಿ ಬಾಯಲ್ಲೇ ಹೇಳಿ ಕಳಿಸಿದರೂ ಆದೀತು. ‘ಟೂ’ ಮುಂದೆ ಇಟ್ಟಾಗ ಬರುವ ಉತ್ತರ ಎಲ್ಲಕ್ಕಿಂತ ಸುಲಭ. ಕಟ್ಟಕಡೆಯಲ್ಲಿ, ‘ಯೆಸ್ಟರ್‌ಡೇ’ ಆದ ಮೇಲೆ ಇಟ್ಟಾಗ ಏನಾಗುತ್ತದೆಂದು ಮನೆಯಲ್ಲಿ ಅಪ್ಪನನ್ನೂ ಕೇಳಿ, ಅವರ ಉತ್ತರವನ್ನೂ ಜೊತೆಗೆ ಬರೆಯಿರಿ.